ನಲವತ್ತೊಂದನೆಯ ಕೆಮ್ಮು

ಬಹಳ ಹಿಂದೆ, ಮನುಷ್ಯರಿಗಿಂತ ಇಲಾಖೆಗಳು ಸ್ವಲ್ಪವೇ ಕಡಿಮೆಯಿದ್ದ ಕಾಲದಲ್ಲಿ, ಕ್ಷೇಮಾವತಿ ಎಂಬ ಒಂದು ರಾಜ್ಯವಿತ್ತು. ಅದು ನಮ್ಮ ರಾಜ್ಯವಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮಲ್ಲಾಗಿದ್ದರೆ ಮೊದಲು ಒಂದು ಸಮಿತಿ ರಚನೆಯಾಗುತ್ತಿತ್ತು.

ಒಂದು ನಡುರಾತ್ರಿ ಮಹಾರಾಜ ನಿಶ್ಚಿಂತವರ್ಮರ ಶಯನಮಂದಿರದ ಕಿಟಕಿಯಾಚೆ ಸಣ್ಣದೊಂದು ಕೆಮ್ಮು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಮಹಾರಾಜರು ಎದ್ದು ಕುಳಿತು, ಪ್ರಧಾನಿ ಅಸ್ತುಶೇಖರರನ್ನು ಹಾಸಿಗೆಯಿಂದಲೇ ಕರೆಸಿದರು.

“ಈ ಕೆಮ್ಮು ಯಾವ ಇಲಾಖೆಗೆ ಸೇರಿದ್ದು?”

“ವೈದ್ಯ ಇಲಾಖೆಗೆ, ಪ್ರಭು. ಕ್ಷಯ ನಿವಾರಣಾ ಯೋಜನೆ ಅಲ್ಲೇ ಇದೆ.”

“ಆದರೆ ಅದು ಬಿದ್ದದ್ದು ನಮ್ಮ ಕಿವಿಗೆ. ಕಿವಿಗೆ ಬೀಳುವುದನ್ನೆಲ್ಲ ನೋಡಿಕೊಳ್ಳುವವರು ಯಾರು?”

“ನಗಾರಿ ಮತ್ತು ಕಹಳೆ ಇಲಾಖೆ, ಪ್ರಭು.” ಅಸ್ತುಶೇಖರರ ಕಣ್ಣು ಒದ್ದೆಯಾಯಿತು. “ಆಹಾ! ಇಷ್ಟು ವರ್ಷ ಇದು ಒಬ್ಬ ವೈದ್ಯನಿಗೂ ಹೊಳೆದಿರಲಿಲ್ಲ!”

ಬೆಳಗಾಗುವುದರೊಳಗೆ ಆಜ್ಞೆ ಹೊರಟಿತು: ಕ್ಷಯ ನಿವಾರಣಾ ಯೋಜನೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ನಗಾರಿ ಇಲಾಖೆಗೆ ವರ್ಗಾಯಿಸಿದೆ. ಕೆಮ್ಮಿದವರು ಯಾರೆಂದು ಮಾತ್ರ ಯಾರೂ ಕಿಟಕಿ ತೆರೆದು ನೋಡಲಿಲ್ಲ. ಕಿಟಕಿ ಲೋಕೋಪಯೋಗಿ ಇಲಾಖೆಯದಾಗಿತ್ತು.

ನಗಾರಿ ಇಲಾಖೆಯ ಅಧಿಕಾರಿ ಡಿಂಡಿಮಯ್ಯ ಪ್ರಾಮಾಣಿಕ ಮನುಷ್ಯ. ಯಾವ ನಗಾರಿಯನ್ನೂ ಬಾರಿಸಿ ನೋಡದೆ ಚಾರ್ಜು ತೆಗೆದುಕೊಂಡವರಲ್ಲ. ಅದೇ ಪ್ರಕಾರ ಅವರು ಔಷಧದ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿಸಿ, ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಕೆಮ್ಮಿಸಿ ನೋಡಿದರು. ಪಟ್ಟಿಯಲ್ಲಿ ನಲವತ್ತೊಂದು ಹೆಸರಿತ್ತು. ಕೆಮ್ಮಿದವರು ನಲವತ್ತು.

“ಇನ್ನೊಂದೆಲ್ಲಿ?” ಎಂದರು.

“ಅದು ಬುಟ್ಟಿ ಹೆಣೆಯೋ ನಂಜವ್ವ, ಸ್ವಾಮಿ. ವಾಸಿಯಾಗಿ ಮನೆಗೆ ಹೋದಳು,” ಎಂದಳು ದಾದಿ ಚೆನ್ನಾಜಮ್ಮ. ಆ ನಲವತ್ತೊಂದು ಜನಕ್ಕೂ ದಿನಾ ಗುಳಿಗೆ ನುಂಗಿಸುತ್ತಿದ್ದವಳು ಅವಳೇ.

“ವಾಸಿ ಅನ್ನೋ ಕಾಲಮ್ಮೇ ನಮ್ಮ ರಿಜಿಸ್ಟರಲ್ಲಿ ಇಲ್ಲವಲ್ಲಮ್ಮ. ಒಡೆದದ್ದು, ಹರಿದದ್ದು, ಇಲಿ ತಿಂದದ್ದು. ಮೂರೇ ಇರೋದು. ಯಾವುದು ಬರೀಲಿ ಹೇಳು?”

“ಸ್ವಾಮಿ, ಗುಳಿಗೆ ನಿಂತು ಇವತ್ತಿಗೆ ನಾಲ್ಕು ದಿನ ಆಯ್ತು. ಹೀಗೆ ತಪ್ಪಿಸಿದರೆ ಕಾಯಿಲೆ ಹಟ ಹಿಡಿಯುತ್ತೆ, ಆಮೇಲೆ ಯಾವ ಔಷಧಕ್ಕೂ ಬಗ್ಗಲ್ಲ. ಮುದ್ರೆ ಒಡೆಸಿ.”

“ನಲವತ್ತೊಂದು ಆಗಲಿ, ಈ ಕ್ಷಣ ಒಡೆಸ್ತೀನಿ. ಲೆಕ್ಕಕ್ಕಿಂತ ಕಡಿಮೆ ಚಾರ್ಜು ತಗೊಂಡರೆ ನಾಳೆ ವಿಚಾರಣೆ ನನ್ನ ಮೇಲಲ್ವಾ?”

ಚೆನ್ನಾಜಮ್ಮ ಹೋದಾಗ ನಂಜವ್ವ ಜಗಲಿಯ ಮೇಲೆ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದಳು. ಕೂಸು ಹುಟ್ಟಿ ಐದು ತಿಂಗಳಾಗಿತ್ತು. ವಾಸಿಯಾಗಿ ಬಂದ ಅವಳು ಅದನ್ನು ಎತ್ತಿಕೊಳ್ಳತೊಡಗಿ ಐದು ದಿನ.

“ಬಾ ಸಿಸ್ಟರಮ್ಮ, ನೋಡು ಇವಳ ಮೂಗ. ಥೇಟು ನಂದೇ, ಪಾಪ!”

ಚೆನ್ನಾಜಮ್ಮ ವಿಷಯ ಹೇಳಿದಳು. ನಂಜವ್ವ ನಗುವುದನ್ನು ನಿಲ್ಲಿಸಿದಳು.

“ನಂಗೆ ಕೆಮ್ಮೇ ಬರಾಕಿಲ್ವಲ್ಲ ಈಗ.”

“ಬರಿಸ್ಕೋಬೇಕು. ಒಂದೇ ಸಲ.”

“ಆ ನಲವತ್ತು ಜನದಾಗೆ ನಮ್ಮ ಬೀದಿಯೋರು ಎಷ್ಟು?”

“ಒಂಬತ್ತು.”

ನಂಜವ್ವ ಕೂಸನ್ನು ಸೊಸೆಯ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಂಡಳು. “ನಡಿ. ಹೋಗೋದು ಹೋದ್ಮೇಲೆ ಚೆನ್ನಾಗೇ ಕೆಮ್ಮಿ ಬರೋಣ.”

ಹಾಗೇ ಕೆಮ್ಮಿದಳು. ಶ್ವಾಸಕೋಶ ಗಟ್ಟಿಮುಟ್ಟಾಗಿದ್ದುದರಿಂದ ಆ ಕೆಮ್ಮು ಉಳಿದ ನಲವತ್ತನ್ನೂ ಮೀರಿಸಿತು. ಡಿಂಡಿಮಯ್ಯ ಕಣ್ಣು ಮುಚ್ಚಿ ಕೇಳಿ, “ಇದು ಸರಕು ಅಂದರೆ!” ಎಂದು ಸಹಿ ಹಾಕಿದರು. ಮುದ್ರೆ ಒಡೆಯಿತು.

ಆದರೆ ಸಹಿಯ ಹಿಂದೆಯೇ ಮಾರ್ಗಸೂಚಿಯೂ ಬಂತು. ಇನ್ನು ಮುಂದೆ ರೋಗಿಗಳ ಸಂಖ್ಯೆ ನಲವತ್ತೊಂದಕ್ಕಿಂತ ಇಳಿಯಕೂಡದು, ಏರಲೂ ಕೂಡದು. ಪ್ರತಿ ಹುಣ್ಣಿಮೆಗೆ ಕೆಮ್ಮಿನ ಪರಿಶೀಲನೆ. ಪಟ್ಟಿಯಲ್ಲಿದ್ದವರ ಬಾಗಿಲಿಗೆ ಕೆಂಪು ಚೀಟಿ. ಅವರು ಮಕ್ಕಳನ್ನು ಮುಟ್ಟುವಂತಿಲ್ಲ.

ಅದೇ ವಾರ ಅರಮನೆಯ ರಾತ್ರಿ ಕಾವಲುಗಾರ ಗುಡ್ಡಪ್ಪ, ಬಾಯಿಗೆ ರುಮಾಲು ಒತ್ತಿಕೊಂಡು ಚೆನ್ನಾಜಮ್ಮನಲ್ಲಿಗೆ ಬಂದ. ಮಹಾರಾಜರ ಕಿಟಕಿಯ ಕೆಳಗೆ ನಿಲ್ಲುವವನು ಅವನೇ. ಅವಳು ಅವನ ಹೆಸರು ಕಳಿಸಿದಳು. ಪಟ್ಟಿಯಲ್ಲಿ ಹುದ್ದೆ ಖಾಲಿಯಿಲ್ಲ ಎಂದು ಉತ್ತರ ಬಂತು.

ಚೆನ್ನಾಜಮ್ಮ ಮತ್ತೆ ನಂಜವ್ವನ ಜಗಲಿಗೆ ಹೋದಳು.

“ನಿನ್ನ ಪಾಲಿನ ಗುಳಿಗೆ ಬರ್ತಾನೇ ಇದೆ. ಕಾವಲುಗಾರ ಗುಡ್ಡಪ್ಪನಿಗೆ ಅದು ಆರು ತಿಂಗಳು ಬೇಕು. ನೀನು ಈಗ ವಾಸಿ ಅಂತ ಜಗಳ ತೆಗೆದು ಗೆದ್ದರೆ, ಆ ಗುಳಿಗೆ ನಿಂತುಹೋಗುತ್ತೆ.”

ನಂಜವ್ವ ಕೆಂಪು ಚೀಟಿಯನ್ನು ನೋಡಿದಳು. ಒಳಗೆ ಕೂಸು ಅಳುತ್ತಿತ್ತು.

“ಆರು ತಿಂಗಳಿಗೆ ಕೂಸು ನಡೆಯಾಕೇ ಶುರುಮಾಡ್ತದಲ್ಲ, ಸಿಸ್ಟರಮ್ಮ,” ಎಂದಳು. ಆಮೇಲೆ, “ಕೊಡು ಅವನಿಗೆ.”

ಎರಡು ತಿಂಗಳಲ್ಲಿ ಕಿಟಕಿಯಾಚೆಯ ಕೆಮ್ಮು ನಿಂತಿತು. ಮಹಾರಾಜರು ಗಾಢವಾಗಿ ನಿದ್ರಿಸಿ, ಎದ್ದು, ಇದು ನಗಾರಿ ಇಲಾಖೆಯ ಸಾಧನೆಯೆಂದು ಘೋಷಿಸಿದರು. ಅಸ್ತುಶೇಖರರು ಅವರಿಗೆ ‘ಕಾಸಾಂತಕ ಚಕ್ರವರ್ತಿ’, ಅಂದರೆ ಕೆಮ್ಮಿನ ಪಾಲಿನ ಯಮ, ಎಂಬ ಬಿರುದನ್ನೂ ಡಿಂಡಿಮಯ್ಯನವರಿಗೆ ಶಾಲನ್ನೂ ಕೊಡಿಸಿದರು. ವಿಜಯೋತ್ಸವಕ್ಕೆ ಊರಿನ ಬೀದಿಬೀದಿಯಲ್ಲಿ ಇರುಳಿಡೀ ನಗಾರಿ ಬಾರಿಸಬೇಕೆಂದು ಆಜ್ಞೆಯಾಯಿತು. ಅರಮನೆಯ ಬೀದಿಗೆ ವಿನಾಯಿತಿ. ಯಶಸ್ಸು ಕಂಡ ಸರ್ಕಾರ ಹೆರಿಗೆ ವಿಭಾಗವನ್ನು ಆಮದು ಇಲಾಖೆಗೆ ವರ್ಗಾಯಿಸಿತು.

ಸನ್ಮಾನದ ದಿನ ಮಹಾರಾಜರು ಚೆನ್ನಾಜಮ್ಮನನ್ನೂ ಮಾತಾಡಿಸಿದರು. “ದಾದಿ, ಆ ಕೆಮ್ಮು ಹೇಗೆ ನಿಂತಿತು? ನೀನು ಕಣ್ಣಾರೆ ಕಂಡಿರಬೇಕಲ್ಲ. ಹೇಳು.”

ಸಿಂಹಾಸನದ ಹಿಂದೆ ಗುಡ್ಡಪ್ಪ ಈಟಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ. ಅವನ ಗುಳಿಗೆ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಹುಣ್ಣಿಮೆಯ ಪರಿಶೀಲನೆಗೆ ಅಂದೇ ಅಲ್ಲಿಗೆ ಕರೆತಂದಿದ್ದ ರೋಗಿಗಳ ಸಾಲಿನ ಕೊನೆಯಲ್ಲಿ ನಂಜವ್ವ ಇದ್ದಳು. ದೂರದಲ್ಲಿ, ಹಗ್ಗದ ಆಚೆ, ಸೊಸೆಯ ಕಂಕುಳಲ್ಲಿದ್ದ ಕೂಸು ಅಜ್ಜಿಯ ಕಡೆಗೆ ಎರಡೂ ಕೈ ಚಾಚಿತ್ತು.

ನಂಜವ್ವ ಕೂಸಿನ ಕಡೆ ತಿರುಗಲಿಲ್ಲ. ತನ್ನ ಸರದಿ ಬರುತ್ತಲೇ ಮುಂದೆ ಬಂದು ಕೆಮ್ಮಿದಳು.

ಚೆನ್ನಾಜಮ್ಮ ಆ ಗುಳಿಗೆಯ ವಿಷಯವನ್ನು ಯಾರಿಗೂ, ಎಂದಿಗೂ ಹೇಳಬಾರದೆಂದು ಆಗಲೇ ನಿಶ್ಚಯಿಸಿದಳು.

“ನಗಾರಿಯಿಂದಲೇ, ಪ್ರಭು,” ಎಂದಳು.