ಪ್ರೊಜೆಕ್ಟರಿಗೆ ಸನ್ಮಾನ

ನಮ್ಮ ಸೋದರಮಾವ ಸಿನಿಮಾಕ್ಕೆ ಹೋದರೆ ಪರದೆಗೆ ಬೆನ್ನು ಹಾಕಿ ಕೂರುತ್ತಾನೆ ಎಂದರೆ ನೀವು ನಂಬಲೇಬೇಕು. ದೇವದುರ್ಗದ ಹಳೆಯದೊಂದು ಟಾಕೀಸಿನ ಮಾಲೀಕನಿಗೆ ಅಷ್ಟೂ ಹಕ್ಕಿಲ್ಲವೇ?

ಆ ಟಾಕೀಸಿನ ಪ್ರೊಜೆಕ್ಟರ್ ಮುಪ್ಪಾಗಿ, ಪರದೆಯ ಮೇಲೆ ಮಟಮಟ ಮಧ್ಯಾಹ್ನವೂ ಮುಸ್ಸಂಜೆಯಂತೆ ಕಾಣತೊಡಗಿತ್ತು. ನಾಯಕ ಯಾರು, ಖಳನಾಯಕ ಯಾರು ಎಂದು ದನಿ ಕೇಳಿ ತಿಳಿಯಬೇಕು! ಜನ ಬರುವುದನ್ನು ಬಿಟ್ಟರು. ಟಾಕೀಸಿನಲ್ಲಿ ಅರ್ಧ ಪಾಲು ಮಾವನ ತಮ್ಮನದು. ಈ ಸಣ್ಣಮಾವ ಒಂದು ದಿನ ಟೇಪು ಹಿಡಿದು ಬಂದು ಹಾಲಿನ ಅಳತೆ ತೆಗೆಯತೊಡಗಿದ.

"ಅಣ್ಣಾ, ಇದನ್ನ ಫಂಕ್ಷನ್ ಹಾಲ್ ಮಾಡೂಣು. ಪರದೆ ಇರೋ ಜಾಗಾದಾಗ ಮದುಮಕ್ಕಳನ್ನ ಕೂಡ್ರಸೂಣು."

"ಹೊಸ ಮಷೀನ್ ತರ್ತೀನಿ. ಮೊದಲನೇ ದಿನಾನ ಜನ ಎದ್ದು ಹೋದ್ರ, ನೀ ಏನರ ಮಾಡ್ಕೋ," ಎಂದುಬಿಟ್ಟ ಮಾವ.

ರಾಯಚೂರಿನ ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದಕ್ಕೆ ಆಗಾಗ ದೀಪ ಬದಲಿಸಬೇಕು, ಇನ್ನೊಂದು ಲೇಸರಿನದು, ಆ ಕಾಟವಿಲ್ಲ. ಮಾವ ಸುಮ್ಮನೆ ಒಪ್ಪುವವನೇ? ಹೆಣ್ಣಿನ ಮನೆಯ ವಿಚಾರಣೆಗೆ ಹೊರಟವನಂತೆ ನನ್ನನ್ನೂ ಅತ್ತೆಯನ್ನೂ ಕಟ್ಟಿಕೊಂಡು, ಲೇಸರ್ ಹಾಕಿಸಿದ್ದ ಮಾನ್ವಿಯ ಟಾಕೀಸಿಗೆ ಹೋದ. ಸಿನಿಮಾ ಶುರುವಾದದ್ದೇ ತಡ, ಕುರ್ಚಿಯ ಮೇಲೆ ಹಿಮ್ಮುಖವಾಗಿ ಮಂಡಿಯೂರಿ ಬೆಳಕು ಬರುವ ಕಿಂಡಿಯನ್ನೇ ದಿಟ್ಟಿಸತೊಡಗಿದ. ಹಿಂದಿನ ಸಾಲಿನ ಮುದುಕಿ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು.

"ಯಪ್ಪಾ, ಸಿನಿಮಾ ಆ ಕಡಿ ಅದ."

"ಇರ್ಲಿ ಬಿಡವ್ವಾ. ನನ್ನ ಸಿನಿಮಾ ಈ ಕಡಿ ಅದ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಂಟರ್ವಲ್ ಹೊತ್ತಿಗೆ ಲೇಸರ್ ನಿಶ್ಚಯವಾಯಿತು.

ಯಂತ್ರ ಕೂರಿಸಲು ಬಂದ ಇಂಜಿನಿಯರ್, "ಸೆಕೆ, ಧೂಳು, ಇವೆರಡೇ ಇದಕ್ಕೆ ಆಗಿಬರುವುದಿಲ್ಲ" ಎಂದು ಹೇಳಿ ಹೋದ. ನಮ್ಮೂರಲ್ಲಿ ಇವೆರಡು ಬಿಟ್ಟು ಬೇರೇನು ಧಾರಾಳವಾಗಿದೆ ಹೇಳಿ! ಪ್ರೊಜೆಕ್ಟರಿನ ಕೋಣೆಗೆ ಎಸಿ ಬಂತು. ಕಾಲು ತೊಳೆಯದವರಿಗೆ ಒಳಗೆ ಪ್ರವೇಶವಿಲ್ಲ. ಮಾವ ಯಂತ್ರದ ಫಿಲ್ಟರನ್ನು ದಿನವೂ ಕೂಸಿನ ತಲೆ ಒರೆಸಿದಂತೆ ಒರೆಸುತ್ತಿದ್ದ. ಮನೆಯಲ್ಲಿ ಫ್ಯಾನು ಕೆಟ್ಟು ತಿಂಗಳಾಗಿದ್ದರೂ ಕೇಳುವವರಿರಲಿಲ್ಲ.

"ಅದು ರೊಟ್ಟಿ ತಿನ್ನಂಗಿಲ್ಲಲ್ಲ, ನನ್ನ ಪುಣ್ಯ," ಎಂದಳು ಅತ್ತೆ.

ಮೊದಲ ಆಟಕ್ಕೆ ಮಲ್ಲಟದಿಂದಲೂ ಟಂಟಂ ಆಟೋಗಳಲ್ಲಿ ಜನ ಬಂದು ಟಾಕೀಸು ತುಂಬಿತು. ನಮ್ಮ ಕಡೆ ದೊಡ್ಡವರು ಬಂದರೆ ಶಾಲು ಹೊದಿಸದೆ ಬಿಡುವುದುಂಟೇ? ಮಾವ ಯಂತ್ರಕ್ಕೆ ದಪ್ಪನೆಯ ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, ಕೈಮುಗಿದು ಆಟ ಶುರುಮಾಡಿದ. ಹಗಲು ಹಗಲಿನಂತೆಯೇ ಕಂಡಿತು! ಶಿಳ್ಳೆಯೋ ಶಿಳ್ಳೆ. ಮೊದಲ ಹಾಡು ಮುಗಿಯುವ ಮೊದಲೇ ಪರದೆ ಕಪ್ಪಾಯಿತು.

ಯಂತ್ರ ಕಾದು ತಾನಾಗಿಯೇ ನಿಂತುಬಿಟ್ಟಿತ್ತು. ಕೆಳಗೆ ಗಲಾಟೆ. ಸಣ್ಣಮಾವ ಬಾಗಿಲಲ್ಲಿ ನಿಂತು, ಯಾರು ಏಳುತ್ತಾರೆಂದು ನೋಡುತ್ತಿದ್ದ. ಎಸಿ ನಡೆಯುತ್ತಿದೆ, ಫಿಲ್ಟರ್ ಸ್ವಚ್ಛವಾಗಿದೆ. ಮಾವ ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಅಷ್ಟರಲ್ಲಿ ಅತ್ತೆ ಕಾಲು ತೊಳೆದುಕೊಂಡು ಮೇಲೆ ಬಂದಳು.

"ಈ ಬಿಸಲಾಗ ನಿಮಗ ಹಿಂಗ ಹೊದಿಸಿದ್ರ ಉಸುರಾಡ್ತೀರೇನು? ತಗೀರಿ ಅದನ್ನ."

ಗಾಳಿ ಹೋಗಿಬರುವ ಕಿಂಡಿಗಳೆಲ್ಲ ಶಾಲಿನಡಿ ಮುಚ್ಚಿದ್ದವು! ಶಾಲು ಕಿತ್ತೆಸೆದೆವು. ಆದರೆ ಯಂತ್ರ ತಣ್ಣಗಾಗುವ ತನಕ ಜನ ಕೂರಬೇಕಲ್ಲ? ಮಾವ ಕೆಳಗಿಳಿದು ಪರದೆಯ ಮುಂದೆ ನಿಂತ.

"ಮಷೀನಿಗೆ ಸನ್ಮಾನ ಮಾಡಾಕ ಹೋಗಿ ಉಸುರು ಕಟ್ಟಿಸೀನ್ರಿ. ಸ್ವಲ್ಪ ಹೊತ್ತು ಕುಂದರ್ರಿ, ಕೈ ಮುಗೀತೀನಿ."

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ಒಬ್ಬರೂ ಏಳಲಿಲ್ಲ. ಚಿತ್ರ ಮತ್ತೆ ಮೂಡಿದಾಗ ಎದ್ದ ಶಿಳ್ಳೆಗೆ ತಗಡಿನ ಮಾಡು ಹಾರಿಹೋಗುತ್ತದೇನೋ ಅನ್ನಿಸಿತು. ನಾನೂ ಹೊಡೆದೆ, ನಾಚಿಕೆಯಿಲ್ಲದೆ.

ಆಟ ಬಿಟ್ಟ ಮೇಲೆ ಸಣ್ಣಮಾವ ಮೇಲೆ ಬಂದ. ಶಾಲು ಮಡಚುತ್ತಿದ್ದ ಮಾವನೇ ಮಾತು ತೆಗೆದ.

"ಆಟ ನಡುವ ನಿಂತಿದ್ದು ಖರೇನಪಾ. ಏನಂತೀ ಹೇಳು."

ಸಣ್ಣಮಾವ ಅವನ ಪಕ್ಕದಲ್ಲೇ ಕುಳಿತ. "ನಾಳಿ ಮ್ಯಾಟಿನಿಗೆ ನನಗೊಂದು ಸೀಟು ಇಡಣ್ಣಾ. ಬಾಜೂಕ ನಿನಗೂ ಒಂದು ಇಟ್ಕೋ. ನಾವಿಬ್ಬರೂ ಕೂಡಿ ಸಿನಿಮಾ ನೋಡಿ ಎಷ್ಟ್ ವರ್ಷಾತು."

ಊರಿಗೆಲ್ಲ ಉಪದೇಶ ಮಾಡುವ ಮಾವ ತಮ್ಮನ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟ.