ಮಧ್ವೇಶನ ಹೊಟ್ಟೆ ಮತ್ತು ಗಂಡಸರ ವಿಜ್ಞಾನ

ಎರಡನೇ ಶನಿವಾರ, ಅದೂ ದ್ವಾದಶಿಯ ಬೆಳಿಗ್ಗೆ, ಹಾಲು ತರಲು ಹೊರಟ ಮಧ್ವೇಶ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ. ಪ್ಯಾಂಟಿನ ಗುಂಡಿ ಸಿಡಿದು, ಎದುರುಮನೆ ಬಾಗಿಲಲ್ಲಿ ಕೂತಿದ್ದ ಉತ್ತಪ್ಪನವರ ಕಾಫಿಗೆ ಬಿತ್ತು. ವಾಯುಪಡೆಯಿಂದ ನಿವೃತ್ತರಾದ ಅವರು ಅದನ್ನು ಚಮಚದಲ್ಲಿ ಎತ್ತಿ, ಕ್ಷಿಪಣಿಯ ಚೂರೆಂಬಂತೆ ತಿರುಗಿಸಿ ನೋಡಿದರು.

“ಇದು ಪೋಹೆ ಕೆಲಸ,” ಎಂದು ತೀರ್ಪಿತ್ತರು.

“ಬರೋಬರ್ ಹೇಳಿದ್ರಿ!” ಮನೆಯೊಳಗಿಂದ ಅವನ ಹೆಂಡತಿ ರಾಗಿಣಿ ಕೂಗಿದಳು. “ದಿನಾ ಮುಂಜಾನೆ ಬಂಡಿ ಮುಂದ ನಿಂತು ತರ್ರಿ ಪೋಹೆ! ನಾಳಿಂದ ಬಂದ್.”

ಮಧ್ವೇಶನ ಜೀವ ಬಾಯಿಗೆ ಬಂತು. ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ಬೈಸಿಕೊಳ್ಳುವ ಅವನಿಗೆ ಅವಲಕ್ಕಿ ಪೋಹೆಯ ಮೇಲೆ ಸುರಿಯುವ ಆ ಕೆಂಪು ಖಾರದ ರಸ, ತರ್ರಿಯೊಂದೇ ಸಮಾಧಾನ.

“ಏ, ಇದು ಪೋಹೆದ್ದಲ್ಲ, ಟೆನ್ಶನ್‌ದು! ಪೇಪರ್‌ನ್ಯಾಗ ಬಂದದ. ಒತ್ತಡ ಗಂಡಸರ ಮೈಗೆ ಬ್ಯಾರೆ, ಹೆಂಗಸರ ಮೈಗೆ ಬ್ಯಾರೆ. ಅದಕ್ಕೇ ನೀ ಕಡ್ಡಿ ಆಗೀದಿ, ನಾ ಗುಡಾಣ ಆಗೀನಿ. ನಡಿ ಡಾಕ್ಟರ್ ಕಡೆ, ಇಬ್ಬರದೂ ರಕ್ತದಾಗಿನ ಸಕ್ಕರಿ ನೋಡಲಿ! ನಂದು ಸರಿ ಇದ್ರ ಪೋಹೆ ಚಾಲೂ.”

ಈ ಧೈರ್ಯಕ್ಕೆ ಕಾರಣವಿತ್ತು. ನಿನ್ನೆ ಏಕಾದಶಿ, ಪಾರಣೆ ಇನ್ನೂ ಆಗಿಲ್ಲ. ಹೊಟ್ಟೆಯಲ್ಲಿ ತೀರ್ಥ ಬಿಟ್ಟರೆ ಬೇರೇನಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದರೂ ಸಕ್ಕರೆ ಸಿಗದು ಎಂಬುದು ಅವನ ಎಣಿಕೆ.

ಧರಮಪೇಠದ ಕ್ಲಿನಿಕ್ಕಿಗೆ ಉತ್ತಪ್ಪನವರೂ ಸಾಕ್ಷಿಯಾಗಿ ಬಂದರು. ಡಾಕ್ಟರ್ ಶರ್ವಾಣಿ ರಕ್ತ ತೆಗೆಸಿ, “ಇದು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಪರೀಕ್ಷೆ. ನಿನ್ನೆಯ ಉಪವಾಸ ಇದಕ್ಕೆ ಲೆಕ್ಕಕ್ಕಿಲ್ಲ,” ಎಂದಾಗ ಮಧ್ವೇಶ ಗಾಳಿ ಹೋದ ಬಲೂನಾದ.

ಸಂಜೆ ಮೂವರೂ ವರದಿಗೆ ಹೋದಾಗ ಡಾಕ್ಟರ್ ರಾಗಿಣಿಯ ದಿನಚರಿ ಕೇಳಿದರು.

“ನಸುಕಿನ್ಯಾಗ ಏಳ್ತೀನ್ರಿ. ಅತ್ತೆಯವರ ಸ್ನಾನ, ಅಡಿಗಿ, ಡಬ್ಬಿ. ಆಮ್ಯಾಲೆ ಸಾಲಿ, ಸಂಜೀಕ ಟ್ಯೂಷನ್. ರಾತ್ರಿ ಅತ್ತೆಯವರು ಕರೆದಾಗೆಲ್ಲ ಏಳ್ತೀನಿ. ಅದರಾಗ ಏನ್ ದೊಡ್ಡದು?”

ಇದೆಲ್ಲವನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಮಧ್ವೇಶ ಎಂದೂ ಕೇಳಿರಲಿಲ್ಲ. ತನ್ನ ಬ್ಯಾಂಕಿನ ಮ್ಯಾನೇಜರನನ್ನು ಈ ಕೆಲಸಕ್ಕೆ ಹಾಕಿದರೆ ಮಂಗಳವಾರದೊಳಗೆ ರಾಜೀನಾಮೆ ಕೊಟ್ಟಾನು ಎನಿಸಿತು. ಹೆಂಡತಿಯನ್ನು ಹೊಸಬಳಂತೆ ನೋಡಿದ.

“ಮಧ್ವೇಶ್ ಅವರೇ, ನಿಮ್ಮ ಸಕ್ಕರೆ ಸರಿಯಾಗಿದೆ. ತೂಕ ಇಳಿಸಿ. ಪೋಹೆ ಆಗಾಗ ತಿನ್ನಬಹುದು,” ಎಂದರು ಡಾಕ್ಟರ್.

ಅವನು ಕುರ್ಚಿಯಿಂದ ಅರ್ಧ ಎದ್ದ.

“ರಾಗಿಣಿಯವರದು ಸಕ್ಕರೆ ಕಾಯಿಲೆಯ ಗಡಿಗೆ ಬಂದಿದೆ.”

ಅವನು ಹಾಗೇ ಕೂತ. “ಇಷ್ಟು ತೆಳ್ಳಗಿದ್ದಾಳಲ್ರೀ!”

“ತೆಳ್ಳಗಿದ್ದವರಿಗೂ ಬರುತ್ತೆ. ಗಂಡು ಹೆಣ್ಣಿನ ದೇಹ ಒತ್ತಡವನ್ನ ಒಂದೇ ಥರ ತಗೊಳ್ಳಲ್ಲ ಅಂತ ಬೆಳಿಗ್ಗೆ ನೀವು ನನಗೆ ಹೇಳಿದ ಮಾತಿಗೆ ಆಧಾರ ಇದೆ. ಆದ್ರೆ ಬಹಳಷ್ಟು ಅಧ್ಯಯನ ಇಲಿಗಳ ಮೇಲೆ ಆಗಿರೋದು. ಇವರದು ಒತ್ತಡದಿಂದಲೇ ಅಂತ ನಾನು ಹೇಳಲಾರೆ. ಆದ್ರೂ ನಿದ್ದೆ, ಬೆಳಗಿನ ವಾಕಿಂಗ್ ಬೇಕೇ ಬೇಕು. ಮನೆಗೆಲಸ ಯಾರಾದ್ರೂ ನೋಡ್ಕೋತಾರಾ?”

“ಇವರಿದ್ದಾರಲ್ಲ!” ಎಂದರು ಉತ್ತಪ್ಪ. “ಬೆಳಿಗ್ಗೆ ಬಂಡಿ ಹತ್ತಿರ ನಿಂತೇ ಇರ್ತಾರೆ. ಫುಲ್ ಫ್ರೀ.”

“ನಾನ ಮಾಡ್ತೀನಿ,” ಎಂದ ಮಧ್ವೇಶ. ಮನಸಾರೆ ಅಂದ ಮಾತು ಅದು.

ಹೊರಗೆ ಬಂದ ಮೇಲೆ ರಾಗಿಣಿಗೆ ಕನಿಕರ ಉಕ್ಕಿತು. “ಪೋಹೆ ಬಿಡಬ್ಯಾಡ್ರೀ. ವಾಕಿಂಗ್ ದಾರ್ಯಾಗೇ ಬಂಡಿ ಅದ, ನಾನೇ ಕಟ್ಟಿಸ್ಕೊಂಡ್ ಬರ್ತೀನಿ.”

ಮಧ್ವೇಶನ ಮುಖ ಅರಳಿತು.

“ತರ್ರಿ ಮಾತ್ರ ಬ್ಯಾಡ ಅಂತ ಹೇಳ್ತೀನಿ.”

“ನನಗೂ ಒಂದು ತನ್ನಿ,” ಎಂದರು ಉತ್ತಪ್ಪ. “ತರ್ರಿ ಹಾಕಿಸಿ.”