ನಮ್ಮ ಮೂಲೆಯ ಬಂದೋಬಸ್ತು

‘೯ ಜನವರಿ ೧೯೫೦, ಸೋಮವಾರ. ಇವತ್ತೂ ಬಲದಿಯಾಕ್ಕೆ ಹೋಗಿದ್ದೆ. ಕೂತೆ, ಎದ್ದು ಬಂದೆ. ಮಗಳು ಇವತ್ತೂ ಮನೆಯಲ್ಲೇ.’

ನನ್ನ ಹಳೆಯ ಡೈರಿಯಲ್ಲಿ ಆ ದಿನದ ಕೆಳಗೆ ಇಷ್ಟೇ ಇದೆ. ಬಲದಿಯಾ ಅಂದರೆ ಆಗಿನ ನಮ್ಮ ಪುರಸಭೆ. ಈಗ ಮೊಮ್ಮಕ್ಕಳು ಮನೆ ಮುಂದಿನ ರಸ್ತೆಗೆ ಉಬ್ಬು ಹಾಕಿಸಿ ಎಂದು ಅರ್ಜಿ ಹಿಡಿದು ಅಲೆದು, ಸಿಟ್ಟಿನಿಂದ ಮನೆಗೆ ಬಂದಾಗೆಲ್ಲ ನಾನು ಈ ಡೈರಿ ತೆಗೆಯುತ್ತೇನೆ. ಕಲಬುರಗಿಯಲ್ಲಿ ರಸ್ತೆ ಇರುವ ತನಕ ಅರ್ಜಿಯೂ ಇರುತ್ತದೆ, ಅರ್ಜಿಯ ಹಿಂದೆ ನಗಲಿಕ್ಕೆ ಏನಾದರೊಂದು ಇದ್ದೇ ಇರುತ್ತದೆ.

ಆಗ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ವರ್ಷ ದಾಟಿತ್ತು. ಕಮಲಾಪುರದ ರಸ್ತೆ ಇಳಿಜಾರಾಗಿ ಬಂದು ಕಾಳುಕಡಿ ಪೇಟೆಯಾದ ಗಂಜಿನ ಕಡೆ ತಿರುಗುವ ಮೂಲೆಯಲ್ಲಿ ನಮ್ಮ ಮನೆ. ಬೆಳಗಾದರೆ ಬಂಡಿಗಳ ಸಾಲು. ಕಮಲಾಪುರದ ಕೆಂಪು ಬಾಳೆ, ಮಹಾಗಾಂವದ ಜೋಳ, ತೊಗರಿ. ರಾತ್ರಿಯಿಡೀ ದಾರಿ ನಡೆದು ಬಂದ ಬಂಡಿಯವರು ಊರು ಹತ್ತಿರವಾಯಿತೆಂದರೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಗಂಜಿನ ದಾರಿ ಎತ್ತುಗಳಿಗೇ ಗೊತ್ತಿತ್ತು. ಅದೇ ಹೊತ್ತಿಗೆ ಅದೇ ಮೂಲೆ ದಾಟಿ ನಮ್ಮ ಓಣಿಯ ಹುಡುಗಿಯರು ಸಾಲಿಗೆ, ಅಂದರೆ ಶಾಲೆಗೆ, ಹೋಗಬೇಕು ಎನ್ನುವುದು ಮಾತ್ರ ಎತ್ತುಗಳಿಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಬಂಡಿಯ ನೊಗ ನನ್ನ ಮಗಳ ಪಾಟಿಚೀಲಕ್ಕೆ ಸಿಕ್ಕು ಬರೆಯುವ ಪಾಟಿ ಚೂರಾಯಿತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅತ್ತೆ ಎಲ್ಲ ನೋಡಿದ್ದರು.

“ಆ ಮೂಲಿ ಸುದ್ದ ಆಗೂತನ ಪೋರಿ ಸಾಲಿಗಿ ಹೋಗೂದು ಬ್ಯಾಡ,” ಅಂದರು. “ಓದಿ ಏನ್ ಮಾಡ್ತಾಳ? ಜೀವ ಇದ್ರ ಸಾಕು.”

“ಮೂಲೀನೇ ಸುದ್ದ ಮಾಡಸ್ತೀನಿ ತಗೋರಿ ಅತ್ತಿ,” ಅಂದೆ ನಾನು.

ಓಣಿಯಲ್ಲಿ ಬಿ.ಎ. ಆದ ಹೆಣ್ಣುಮಗಳು ನಾನೊಬ್ಬಳೇ. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿ, ಇಂಗ್ಲಿಷನ್ನೂ ಪಾಸು ಮಾಡಿ ಬಂದವಳಿಗೆ ಒಂದು ಮೂಲೆ ಸರಿ ಮಾಡಿಸುವುದು ಯಾವ ದೊಡ್ಡ ಮಾತು ಎಂದುಕೊಂಡಿದ್ದೆ.

ಅರ್ಜಿ

ಚೆಂದದ ಉರ್ದುವಿನಲ್ಲಿ ಅರ್ಜಿ ಬರೆದು ಬಲದಿಯಾಕ್ಕೆ ಒಯ್ದೆ. ಅಲ್ಲಿ ಕಾಗದ ತೆಗೆದುಕೊಳ್ಳುತ್ತಿದ್ದವರು ರೋಜಾ ಮೊಹಲ್ಲಾದಿಂದ ದಿನಾ ಸೈಕಲ್ ಮೇಲೆ ಬರುತ್ತಿದ್ದ ಹಿರಿಯ ಗುಮಾಸ್ತರು. ಎಲ್ಲರೂ ಅವರನ್ನು ಪೇಶ್ಕಾರ್ ಸಾಹೇಬ್ ಎನ್ನುತ್ತಿದ್ದರು. ಹೆಂಗಸರನ್ನೆಲ್ಲ ಮರ್ಯಾದೆಯಿಂದ ‘ಬಾಯಿ’ ಎಂದು ಕರೆಯುವ ಅವರು ಅರ್ಜಿಯನ್ನು ಎರಡು ಸಲ ಓದಿ, ತಲೆದೂಗಿ, ವಾಪಸು ಕೊಟ್ಟರು.

“ಭಾಳ ಛಲೋ ಅದ ಬಾಯಿ. ಖರೆ ಹೋದ ವಾರದಿಂದ ಇಂಗ್ಲಿಷಿನೊಳಗ ತಗೋರಿ ಅಂತ ಹುಕುಂ ಬಂದದ.”

ಮನೆಗೆ ಬಂದು ಇಂಗ್ಲಿಷಿನಲ್ಲಿ ಬರೆದು ಮತ್ತೆ ಹೋದೆ. ತೆಗೆದುಕೊಂಡರು. ಆಮೇಲೆ ಎಷ್ಟು ದಿನವಾದರೂ ಸುದ್ದಿಯಿಲ್ಲ. ಕೇಳಿದರೆ, ಆ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ, ಬಳ್ಳಾರಿ ಕಡೆಯಿಂದ ಬಂದ ಹೊಸ ಸಾಹೇಬರು. ಅವರು ಯಾವಾಗ ನೋಡಿದರೂ ಹಳ್ಳಿಗಳ ಮೇಲೆ ತಿರುಗಾಟದಲ್ಲಿ.

ಕೊನೆಗೆ ಪೇಶ್ಕಾರರೇ ನನಗೆ ಹೇಳಿ ಕಳಿಸಿದರು. ಹೋದೆ. ಕುರ್ಚಿ ಹಾಕಿ, ಚಹಾ ತರಿಸಿ, ನನ್ನದೇ ಅರ್ಜಿಯನ್ನು ನನ್ನ ಮುಂದಿಟ್ಟರು. “ಇದು ಯಾರದೋ ಅರ್ಜಿ ಬಂದದ ಬಾಯಿ. ನೀವು ಕಲತವರು, ಉರ್ದುನಾಗ ಏನದ ಹೇಳ್ರಿ, ಬರಕೊಳ್ತೀನಿ.”

ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ಮುಗಿದಾಗ ಅದು ನಾನು ಮೊದಲು ಬರೆದುಕೊಂಡು ಹೋಗಿದ್ದ ಅರ್ಜಿಯೇ ಆಗಿತ್ತು. ಪೇಶ್ಕಾರರು ಲೇಖನಿ ಕೆಳಗಿಟ್ಟು ಮೆಲ್ಲಗೆ ಹೇಳಿದರು: “ಯಾರೋ ಪಾಪ ಭಾಳ ತ್ರಾಸಿನಾಗ ಅದಾರ. ಇವರ ಕೆಲಸ ಮದಲ ಮಾಡಬೇಕು ನೋಡ್ರಿ.”

ಮುಆಯಿನಾ

ಸ್ಥಳಕ್ಕೆ ಬಂದು ಕಣ್ಣಾರೆ ನೋಡುವುದಕ್ಕೆ ಆಗ ಮುಆಯಿನಾ ಎನ್ನುತ್ತಿದ್ದರು. ಸಾಹೇಬರು ಸ್ವತಃ ಅಪಾಯವನ್ನು ನೋಡಿದರೆ ಮಾತ್ರ ಕೆಲಸ ಮುಂದೆ ಹೋಗುವುದು. ನಾಳೆ ಸಾಹೇಬರು ಬರುತ್ತಾರೆ ಎಂದು ಪೇಶ್ಕಾರರು ಹಿಂದಿನ ದಿನವೇ ತಿಳಿಸಿದರು. ನನಗಷ್ಟೇ ತಿಳಿಸಿದ್ದರೆ ಆಗುತ್ತಿತ್ತು. ಓಣಿಗೆಲ್ಲ ತಿಳಿಸಿಬಿಟ್ಟರು.

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಗುರುತೇ ಸಿಗಲಿಲ್ಲ. ರಸ್ತೆಗೆ ನೀರು ಹೊಡೆದಿದ್ದರು. ದನ ಕಟ್ಟಿದ್ದರು. ಟಾಂಗಾದವರು ಗೋಡೆಗೆ ಒತ್ತಿ ಸಾಲಾಗಿ ನಿಂತಿದ್ದರು. ನಮ್ಮ ಅತ್ತೆ ಇಳಿಜಾರಿನ ಮೇಲಕ್ಕೇ ಹೋಗಿ, ಬರುವ ಒಂದೊಂದು ಬಂಡಿಯವನನ್ನೂ ಎಬ್ಬಿಸಿ, “ಸಾಹೇಬ್ರು ಬಂದಾರ, ಎದ್ದು ಕೂಡೋ, ಹಗ್ಗ ಹಿಡಿ” ಎಂದು ಕಳಿಸುತ್ತಿದ್ದರು. ಬಂಡಿಗಳು ದಿಬ್ಬಣದ ಹಾಗೆ ಬಂದು ತಿರುಗಿ ಹೋದವು. ಸಾಹೇಬರು ಒಂದು ತಾಸು ನಿಂತು, ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ‘ಅಪಾಯ ಕಂಡುಬರಲಿಲ್ಲ’ ಎಂದು ಬರೆದು ಸಹಿ ಹಾಕಿದರು.

“ಅತ್ತಿ, ಇದೇನ್ ಮಾಡಿದ್ರಿ?” ಅಂದೆ.

“ಮತ್ತ? ಬಂದವರ ಮುಂದ ಓಣಿ ಮರ್ಯಾದಿ ಕಳೀಲೇನು?” ಅಂದರು.

ಸಾಹೇಬರು ಟಾಂಗಾ ಏರಿ ಮೂಲೆ ತಿರುಗಿದರು. ಅಷ್ಟರಲ್ಲಿ ಅತ್ತೆ ಇಳಿಜಾರು ಬಿಟ್ಟು ಕೆಳಗೆ ಬಂದಾಗಿತ್ತು. ಹಿಂದಿನಿಂದ ಬಂದ ಬಾಳೆಯ ಬಂಡಿಯನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಬಂಡಿ ಬಂದು ಟಾಂಗಾದ ಗಾಲಿಗೆ ಗುದ್ದಿತು. ಸಾಹೇಬರು ಕೆಂಪು ಬಾಳೆಗೊನೆಗಳ ನಡುವೆ ಕೂತಿದ್ದರು. ಬಂಡಿಯವನು ಇನ್ನೂ ಎದ್ದಿರಲಿಲ್ಲ. ನಾನು ಓಡಿ ಹೋಗಿ ಕೈ ಕೊಟ್ಟು ಎಬ್ಬಿಸಿ, “ಈಗರೆ ನೋಡಿದ್ರಲ್ರೀ ಸಾಹೇಬ್ರೆ” ಅಂದೆ.

ಅವರು ಟೊಪ್ಪಿಗೆ ಸರಿಮಾಡಿಕೊಂಡು ಹೇಳಿದರು: “ಮುಆಯಿನಾ ಮುಗಿದೈತಮ್ಮ. ಇದು ಫೈಲಿಗೆ ಬರಂಗಿಲ್ಲ.”

ಚಾಚಿದ ಕೈ

ಫೈಲಿಗೆ ಬರದಿದ್ದರೂ ಸಾಹೇಬರ ಸೊಂಟಕ್ಕೆ ಬಂದಿತ್ತು. ವಾರದೊಳಗೆ ನಮ್ಮ ಮೂಲೆಗೆ ಒಬ್ಬ ಪೊಲೀಸನನ್ನು ಹಾಕಿಸಿದರು. ಆತ ಮದ್ರಾಸ್ ಕಡೆಯ ತಮಿಳಿನವನು, ನಮ್ಮ ಮಾತು ಒಂದೂ ಬಾರದು. ಮಾತೇಕೆ ಬೇಕು, ಕೈ ಚಾಚಿದರೆ ಬಂಡಿ ನಿಲ್ಲಬೇಕು, ಅಷ್ಟೇ. ನನಗೆ ಧೈರ್ಯ ಬಂತು. ಮಗಳಿಗೆ ಜಡೆ ಹಾಕಿ ಸಾಲಿಗೆ ಹೊರಡಿಸಿದೆ. ಅತ್ತೆಯೂ ತಡೆಯಲಿಲ್ಲ.

ಮೊದಲ ಬಂಡಿ ಬಂತು. ಪೊಲೀಸ್ ಕೈ ಚಾಚಿದ. ಎದ್ದೇ ಕೂತಿದ್ದ ಕಮಲಾಪುರದ ಹಿರಿಯನೊಬ್ಬ ಅದನ್ನು ನೋಡಿ ಎತ್ತುಗಳನ್ನು ನಿಲ್ಲಿಸಿದ. ನಿಜಾಮರ ಕಾಲದ ಸುಂಕದ ನಾಕಾಗಳನ್ನು ದಾಟಿ ದಾಟಿ ಹಣ್ಣಾದ ಜೀವ. ರಸ್ತೆಯಲ್ಲಿ ಸರಕಾರಿ ಬಟ್ಟೆಯವನು ಕೈ ಚಾಚಿದ ಅಂದರೆ ಏನರ್ಥ ಎಂದು ಆತನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಾಚಿದ ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟು, ಎತ್ತು ಹೊಡೆದುಕೊಂಡು ಹೋದ.

ಪೊಲೀಸ್ ಬೇಡಬೇಡವೆಂದು ಕೈ ಆಡಿಸಿದ. ಹಿಂದಿನ ಬಂಡಿಯವನು ಎರಡು ಸಾಲದು ಎಂದು ತಿಳಿದು ನಾಲ್ಕು ಇಟ್ಟ. ಅವನ ಹಿಂದಿನವನು ಚಿಪ್ಪನ್ನೇ ಇಟ್ಟ. ಮಹಾಗಾಂವದವನ ಬಳಿ ಹಣ್ಣಿರಲಿಲ್ಲ, ಪಾಪ, ಬೊಗಸೆ ತೊಗರಿ ಸುರಿದ. ಸಾಲಿಗೆ ಹೊರಟ ಹುಡುಗಿಯರನ್ನು ಆ ಪುಣ್ಯಾತ್ಮನೇ ಕರೆದು ಕೈಗೊಂದು ಹಣ್ಣು ಕೊಟ್ಟು ರಸ್ತೆ ದಾಟಿಸಿದ.

ಅವನ ಮೇಲಧಿಕಾರಿ ಸುತ್ತು ಬಂದದ್ದು ಅದೇ ಹೊತ್ತಿಗೆ. ಬಾಳೆಹಣ್ಣಿನ ರಾಶಿ, ಅದರ ಪಕ್ಕದಲ್ಲಿ ಕೈ ಚಾಚಿ ನಿಂತ ಪೊಲೀಸ್. ಮರುದಿನವೇ ಅವನನ್ನು ಬೇರೆ ಊರಿಗೆ ಹಾಕಿದರು. ಹೊರಡುವಾಗ ನಮ್ಮ ಕಟ್ಟೆಗೆ ಬಂದು ಕೈ ಮುಗಿದ. ಅತ್ತೆ ಒಳಗೆ ಹೋಗಿ ದಾರಿಯಲ್ಲಿ ತಿನ್ನಲಿ ಎಂದು ಏನೋ ಕಟ್ಟಿ ತಂದರು. ಆತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಫಲಕ

ಆಮೇಲೆ ಫಲಕ ಬಂತು. ಮೂಲೆಯಲ್ಲಿ ಕಂಬ ನಿಲ್ಲಿಸಿ ‘ಮುಂದೆ ತಿರುವು, ಮಕ್ಕಳು ದಾಟುತ್ತಾರೆ, ನಿಧಾನವಾಗಿ ಹೋಗಿ’ ಎಂದು ಬರೆಸಿದರು. ಯಾರಿಗೂ ಬೇಸರವಾಗಬಾರದೆಂದು ಉರ್ದು, ಇಂಗ್ಲಿಷ್, ಕನ್ನಡ, ಮರಾಠಿ, ತೆಲುಗು ಐದರಲ್ಲೂ ಬರೆಸಿದರು. ಅಷ್ಟೆಲ್ಲ ಹಿಡಿಯಬೇಕಲ್ಲ, ಅಕ್ಷರ ಸಣ್ಣವಾದವು.

ಬಂಡಿಯವರು ಯಥಾಪ್ರಕಾರ ಮಲಗಿ ಬಂದು ಮಲಗಿ ಹೋದರು. ಅವರಿಗೆ ಏನೂ ಆಗಲಿಲ್ಲ. ಫಲಕ ಓದಲು ರಸ್ತೆಯ ನಡುವೆ ನಿಂತವರಿಗೆ ಆಯಿತು. ಮೊದಲು ಬಿದ್ದವರು ಒಬ್ಬ ವಕೀಲರು, ಆಮೇಲೆ ಒಬ್ಬ ಮಾಸ್ತರರು. ಮೂರನೆಯವರು ನಮ್ಮ ಪೇಶ್ಕಾರರು. ತಾವೇ ಬರೆಸಿದ ಉರ್ದು ಸರಿಯಾಗಿದೆಯೇ ಎಂದು ಸೈಕಲ್ಲಿನ ಮೇಲೆ ಕುತ್ತಿಗೆ ಎತ್ತಿ ನೋಡುತ್ತ ಹೋಗಿ ಜೋಳದ ಚೀಲಗಳಿಗೆ ಗುದ್ದಿದರು.

ಪೇಶ್ಕಾರರ ಮೊಣಕಾಲಿಗೆಂದು ನಾನು ಅರಿಶಿನ ಕಲಸುತ್ತಿದ್ದಾಗ ಅತ್ತೆ ಬಂದು ನೋಡಿದರು. “ನೋಡು,” ಅಂದರು, “ಓದು ಬರಲಾರದವರು ಒಬ್ಬರರೆ ಬಿದ್ದಾರೇನು? ಬಿದ್ದವರೆಲ್ಲ ಓದಿದವರು. ಮತ್ತ ಪೋರೀನ ಸಾಲಿಗಿ ಹಾಕಂತಿ.”

ಬಿ.ಎ. ಆದವಳು ನಾನು ತಲೆ ಬಗ್ಗಿಸಿ ಅರಿಶಿನ ಕಲಸಿದೆ. ಮಗಳ ಜಡೆ ಮತ್ತೆ ಬಿಚ್ಚಿತು. ಅತ್ತೆ ಅವಳಿಗೆ ಕುಲಾಯಿ ಹೊಲಿಯುವುದನ್ನು ಕಲಿಸತೊಡಗಿದರು. ಆ ವಾರ ನಾನು ಡೈರಿಯಲ್ಲಿ ಏನೂ ಬರೆದಿಲ್ಲ.

ತವರಿನಿಂದ

ನನ್ನ ತವರು ಕಮಲಾಪುರ. ಪಂಚಮಿಗೆ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬಂದ. ಹೋಗುವ ದಾರಿಯಲ್ಲಿ ಮಹಾಗಾಂವದ ಬಾವಿಯ ಹತ್ತಿರ ಎತ್ತುಗಳು ತಾವಾಗಿ ನಿಂತವು. ದನಕ್ಕೆ ನೀರು ಕುಡಿಸುವ ಕಲ್ಲಿನ ಬಾನಿ ಇತ್ತಲ್ಲಿ. ಅಣ್ಣ ಬಾರುಕೋಲು ಎತ್ತಿದ, ಬೈದ, ಇಳಿದು ಮೂಗುದಾಣ ಜಗ್ಗಿದ. ಏನು ಮಾಡಿದರೂ ಅವು ಕದಲಲಿಲ್ಲ.

“ಬಾನಿ ಕಂಡ್ರ ಮುಗೀತು ತಂಗಿ,” ಅಂದ. “ಆಗ ಇವಕ್ಕ ನಾನೂ ಯಾರೂ ಅಲ್ಲ, ಸರಕಾರನೂ ಯಾರೂ ಅಲ್ಲ.”

ನಾನು ಬಾನಿಯನ್ನೇ ನೋಡುತ್ತ ಕೂತೆ. ಎರಡು ಭಾಷೆಗಳಲ್ಲಿ ಅರ್ಜಿ ಬರೆದಿದ್ದೆ, ಆದರೆ ಬರೆದದ್ದೆಲ್ಲ ಮಲಗಿದ್ದವರ ವಿಷಯ. ಎಚ್ಚರವಿದ್ದು ಬಂಡಿ ನಡೆಸುತ್ತಿದ್ದ ಎತ್ತುಗಳನ್ನು ನಾನು ಕೇಳಿಯೇ ಇರಲಿಲ್ಲ.

ಹಬ್ಬ ಮುಗಿಸಿ ಹೊರಡುವಾಗ ಅಣ್ಣನ ಹೆಂಡತಿ, ನಮ್ಮ ವೈನಿ, ಇಳಕಲ್ ಸೀರೆ ತಂದು ಉಡಿಗೆ ಹಾಕಲು ನಿಂತಳು. “ಸೀರಿ ಬ್ಯಾಡ ವೈನಿ,” ಅಂದೆ. “ಹಿತ್ತಲದಾಗಿನ ಹಳೀ ಬಾನಿ ಕೊಡ್ರಿ.”

ವೈನಿ ಅಣ್ಣನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ದು ನನಗೆ ಕೇಳಿಸಿತು: “ಕಲಬುರಗ್ಯಾಗ ಇಕೀಗಿ ಛಂದ ನೋಡ್ಕೋತಾರೋ ಇಲ್ಲೋ, ಒಂದ್ಸಲ ವಿಚಾರಸ್ರೀ.”

ಎರಡನೆಯ ಮುಆಯಿನಾ

ಬಾನಿಯನ್ನು ಮೂಲೆಗೆ ಸ್ವಲ್ಪ ಮೇಲೆ, ರಸ್ತೆಯ ಅಂಚಿಗೆ ಇಳಿಸಿದೆವು. ನೀರು ತುಂಬಿ ಪಕ್ಕದಲ್ಲಿ ಒಂದಿಷ್ಟು ಕಣಕಿ ಮೇವು ಹಾಕಿದೆ. ಮರುದಿನ ಮೊದಲ ಬಂಡಿ ಬಂದು ನಿಂತಿತು. ಅದರ ಹಿಂದಿನದೂ ನಿಂತಿತು. ಬಂಡಿ ನಿಂತ ಕೂಡಲೇ ಒಳಗಿದ್ದವರಿಗೆ ಎಚ್ಚರ. ಕಂಬಳಿ ಸರಿಸಿ, “ಗಂಜ್ ಬಂತೇನ್ರೀ?” ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಹುಡುಗಿಯರೆಲ್ಲ ದಾಟಿ ಆಗಿರುತ್ತಿತ್ತು. ನನ್ನ ಮಗಳು ಮುಂದೆ.

ಅತ್ತೆ ಅದನ್ನು ಮೂರು ದಿನ ನೋಡಿದರು. ನಾಲ್ಕನೆಯ ದಿನ ನಾನು ಏಳುವುದರೊಳಗೆ ಬಾನಿ ತುಂಬಿತ್ತು, ಅತ್ತೆಯ ಸೆರಗು ತೊಯ್ದಿತ್ತು.

ಆಗ ಬಲದಿಯಾದಿಂದ ಹುಕುಂ ಬಂತು. ‘ರಸ್ತೆಯ ಅಂಚಿಗೆ ಕಲ್ಲಿನ ವಸ್ತು ಇಟ್ಟು ಸಂಚಾರ ನಿಲ್ಲುವಂತೆ ಮಾಡಿದ್ದೀರಿ. ಕೂಡಲೇ ತೆಗೆಯಿರಿ.’ ಸಂಚಾರ ನಿಲ್ಲಲಿ ಎಂದೇ ನಾನು ಇಷ್ಟು ದಿನ ಅವರ ಬಾಗಿಲು ಸವೆಸಿದ್ದು. ‘ತೆಗೆಯುವುದಿಲ್ಲ’ ಎಂದು ಬರೆದು ಕಳಿಸಿದೆ, ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ.

ಸಾಹೇಬರು ಪೇಶ್ಕಾರರನ್ನು ಕರೆದುಕೊಂಡು ಟಾಂಗಾದಲ್ಲಿ ಬಂದರು, ಈ ಸಲ ಯಾರಿಗೂ ಹೇಳದೆ. ಟಾಂಗಾದ ಕುದುರೆ ಬಾನಿ ಕಂಡದ್ದೇ ನಿಂತು ನೀರಿಗೆ ಮೂತಿ ಇಟ್ಟಿತು. ಸಾಹೇಬರು “ನಡಿ” ಅಂದರು. ಅದು ನಡೆಯಲಿಲ್ಲ. ಹಿಂದೆ ಬಂಡಿಗಳೂ ನಿಂತವು. ಹುಡುಗಿಯರು ಸಾಲಾಗಿ ಸಾಹೇಬರ ಮುಂದೆಯೇ ದಾಟಿಹೋದರು. ನನ್ನ ಮಗಳು ನಡುರಸ್ತೆಯಲ್ಲಿ ನಿಂತು ಅವರಿಗೆ ನಮಸ್ಕಾರ ಮಾಡಿದಳು.

ಅತ್ತೆ ಕೊಡ ಕೆಳಗಿಟ್ಟು ಟಾಂಗಾದ ಹತ್ತಿರ ಹೋದರು. “ಸಾಹೇಬ್ರ, ಮುಆಯಿನಾ ಮುಗದದೇನು, ಇನ್ನ ನಡದದ?”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಇನ್ನೂ ನಡದೈತಿ ತಾಯಿ.”

ಆದರೆ ಕಾಗದಕ್ಕೆ ಏನು ಬರೆಯುವುದು? ಬಾನಿ ಎಂದು ಬರೆದರೆ ತೆಗೆಯಿಸಲೇಬೇಕು. ಪೇಶ್ಕಾರರು ಸ್ವಲ್ಪ ಯೋಚಿಸಿ, ಬಾಳೆಹಣ್ಣಿನ ಪೊಲೀಸ್ ಹೋದಾಗಿನಿಂದ ಖಾಲಿಯಿದ್ದ ಜಾಗದ ಎದುರು ಬರೆದರು: ‘ಸದರಿ ಮೂಲೆಯ ಬಂದೋಬಸ್ತಿಗೆ ಖಾಯಂ ನೇಮಕ ಆಗಿದೆ.’ ಸಾಹೇಬರು ಸಹಿ ಹಾಕಿದರು.

ಖಾಯಂ ನೌಕರ

ಇದನ್ನೆಲ್ಲ ನಾವು ಮರೆತಿದ್ದೆವು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದೆವು. ಬಳ್ಳಾರಿಯ ಸಾಹೇಬರು ಎಂದೋ ವರ್ಗವಾಗಿ ಹೋಗಿದ್ದರು. ಒಂದು ದಿನ ಪೇಶ್ಕಾರರು ಕಾಗದವೊಂದನ್ನು ಹಿಡಿದು ಬಂದರು, ಮುಖ ಬಾಡಿತ್ತು.

“ಬಾಯಿ, ಈಗ ಕನ್ನಡದಾಗ ಬರಾಕತ್ತಾವ. ನಂಗ ಮಾತಾಡ್ಲಿಕ್ಕ ಬರ್ತದ, ಓದ್ಲಿಕ್ಕ ಬರಂಗಿಲ್ಲ. ಏನದ ನೋಡ್ರಿ.”

ಓದಿದೆ. ಹಳೆಯ ನೌಕರರನ್ನು ಹೊಸ ರಾಜ್ಯಗಳಿಗೆ ಹಂಚುತ್ತಿದ್ದ ಕಾಲ ಅದು. ಕಮಲಾಪುರ ರಸ್ತೆಯ ಮೂಲೆಯಲ್ಲಿ ಖಾಯಂ ಇರುವ ನೌಕರ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಪಗಾರ ಒಯ್ದಿಲ್ಲ, ಒಮ್ಮೆಯೂ ರಜೆ ಕೇಳಿಲ್ಲ. ಇಂಥ ಪ್ರಾಮಾಣಿಕನ ವಿವರ ಕೂಡಲೇ ಕಳಿಸಿ ಎಂದಿತ್ತು.

“ಬಾನಿ ಅಂತ ಬರದ್ರ ನನ್ನ ನೌಕರಿ ಹೋಗ್ತದ,” ಅಂದರು ಪೇಶ್ಕಾರರು.

“ಸುಳ್ಳು ಬರಿಯೂದು ಬ್ಯಾಡ. ಕೇಳಿದಷ್ಟಕ್ಕ ಖರೆ ಹೇಳೋಣ,” ಅಂದೆ. ಅವರು ಕೂತರು, ನಾನು ಬರೆದೆ. ಮೂಲ ಊರು: ಕಮಲಾಪುರ. ಮೈಕಟ್ಟು: ಗಟ್ಟಿ. ನಡತೆ: ಶಾಂತ. ಗೈರುಹಾಜರಿ: ಇಲ್ಲ. ದುಶ್ಚಟ: ನೀರು ಬಿಟ್ಟರೆ ಬೇರೆ ಏನೂ ಇಲ್ಲ. ಕಡೆಯ ಪ್ರಶ್ನೆ, ಮೈಸೂರಿನಲ್ಲಿ ಇರಲು ಇಚ್ಛೆಯೋ, ಆಂಧ್ರಕ್ಕೆ ಹೋಗಲು ಇಚ್ಛೆಯೋ ಎಂದಿತ್ತು. ಅದಕ್ಕೆ ಅತ್ತೆ ಕಟ್ಟೆಯ ಮೇಲಿನಿಂದಲೇ ಹೇಳಿದರು, ನಾನು ಹಾಗೆಯೇ ಬರೆದೆ: ‘ಎಲ್ಲಿಗೂ ಬರುವುದಿಲ್ಲ. ಬೇಕಾದರೆ ಎತ್ತಲು ಆರು ಜನರನ್ನು ಕಳಿಸಿರಿ.’

ಆರು ಜನ ಬರಲಿಲ್ಲ. ಬಾನಿ ಅಲ್ಲಿಯೇ ಇತ್ತು. ಮಗಳು ಅದರ ಪಕ್ಕದಲ್ಲೇ ದಾಟಿ ಮೆಟ್ರಿಕ್ ಮುಗಿಸಿದಳು, ಆಮೇಲೆ ಕಾಲೇಜನ್ನೂ.

ಇದಕ್ಕೆಲ್ಲ ಕೊನೆಗೆ ಹಿಡಿದ ಖರ್ಚು ಏನು ಎನ್ನುವುದೂ ಡೈರಿಯಲ್ಲಿದೆ. ನಮ್ಮ ಕಡೆಯಿಂದ: ಉಡಿಗೆ ಬರಬೇಕಾಗಿದ್ದ ಒಂದು ಇಳಕಲ್ ಸೀರೆ, ಅತ್ತೆ ನೀರು ತರುತ್ತಿದ್ದ, ಎತ್ತು ತುಳಿದು ನೆಗ್ಗಿದ ತಾಮ್ರದ ಕೊಡ, ಬೆಳಗಿನ ಕಣಕಿ. ಬಲದಿಯಾದ ಕಡೆಯಿಂದ: ಒಂದು ಫಲಕ, ಒಬ್ಬ ಒಳ್ಳೆಯ ಪೊಲೀಸ್. ಬಾಳೆಹಣ್ಣುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವನ್ನು ಹುಡುಗಿಯರು ತಿಂದರು.